ಊರಿನ ಕಾರ್ಖಾನೆ, ಊರಿನ ಷೇರು

ಮಂಗಳೂರಿನಿಂದ ಉಡುಪಿಯ ಕಡೆಗೆ ಹೊರಟು ಕೂಳೂರಿನ ಸೇತುವೆ ದಾಟಿದರೆ ಪಣಂಬೂರು, ಅದರ ಬೆನ್ನಿಗೇ ಬೈಕಂಪಾಡಿ. 1974ರಲ್ಲಿ ಪ್ರಮುಖ ಬಂದರೆಂದು ಘೋಷಣೆಯಾದ ನವಮಂಗಳೂರು ಬಂದರು, ಎಂಸಿಎಫ್ ಎಂದೇ ಹೆಸರಾದ ರಸಗೊಬ್ಬರ ಕಾರ್ಖಾನೆ, ಕುದುರೆಮುಖ ಕಂಪೆನಿಯ ಕಬ್ಬಿಣದ ಅದಿರನ್ನು ಉಂಡೆಗಟ್ಟುವ ಘಟಕ, ಕೈಗಾರಿಕಾ ಪ್ರದೇಶದ ಸಣ್ಣಪುಟ್ಟ ಕಾರ್ಖಾನೆಗಳು, ಎಪಿಎಂಸಿ ಯಾರ್ಡು, ಸ್ವಲ್ಪ ಒಳಗೆ ಹೋದರೆ ಎಂಆರ್‌ಪಿಎಲ್ ರಿಫೈನರಿ. ಎಲ್ಲವೂ ಕೆಲವೇ ಕಿಲೋಮೀಟರಿನ ಅಂತರದಲ್ಲಿವೆ. ಈ ಸುತ್ತಿನ ಮನೆಗಳಲ್ಲಿ ಯಾರಾದರೂ ಮೊದಲ ಸಲ ಷೇರು ಇಟ್ಟುಕೊಳ್ಳುವ ಡಿಮ್ಯಾಟ್ ಖಾತೆ ತೆರೆದಾಗ ನೆನಪಿಗೆ ಬರುವ ಹೆಸರುಗಳೂ ಇವೇ. ‘ಗೊತ್ತಿಲ್ಲದ ಕಂಪೆನಿಗೆ ದುಡ್ಡು ಹಾಕುವುದಕ್ಕಿಂತ ದಿನಾ ಕಣ್ಣೆದುರು ನೋಡುವ ಕಂಪೆನಿಗೆ ಹಾಕುವುದು ಕ್ಷೇಮವಲ್ಲವೇ’ ಎಂಬ ಪ್ರಶ್ನೆ ತೀರಾ ಸಹಜ. ಷೇರುಪೇಟೆಯ ಅಪಾಯವನ್ನು ಅರ್ಥ ಮಾಡಿಕೊಳ್ಳಲು ಈ ಪ್ರಶ್ನೆಯಿಂದಲೇ ಶುರುಮಾಡುವುದು ಒಳ್ಳೆಯದು. ಏಕೆಂದರೆ ಇದಕ್ಕೆ ಉತ್ತರ, ಅಲ್ಲ ಎಂಬುದು. ಪರಿಚಯ ಬೇರೆ, ತಿಳಿವಳಿಕೆ ಬೇರೆ. ಪರಿಚಯವನ್ನೇ ತಿಳಿವಳಿಕೆ ಎಂದುಕೊಂಡಾಗ ದುಡ್ಡು ಒಂದೇ ಕಡೆ ಗುಡ್ಡೆ ಬೀಳುತ್ತದೆ, ಅದೂ ಸಂಬಳ ಎಲ್ಲಿಂದ ಬರುತ್ತದೋ ಅದರ ಪಕ್ಕದಲ್ಲೇ.

ಎಂಆರ್‌ಪಿಎಲ್‌ನ ಲೆಕ್ಕವನ್ನೇ ನೋಡೋಣ. 2023-24ರಲ್ಲಿ ಕಂಪೆನಿಯ ನಿವ್ವಳ ಲಾಭ ಸುಮಾರು 3,600 ಕೋಟಿ ರೂಪಾಯಿ. ಮರುವರ್ಷ ಅದು 50 ಕೋಟಿಯ ಆಸುಪಾಸಿಗೆ ಇಳಿಯಿತು. ಆ ವರ್ಷ ರಿಫೈನರಿ ನಿಂತಿರಲಿಲ್ಲ, ಕೆಲಸಗಾರರು ಮನೆಗೆ ಹೋಗಿರಲಿಲ್ಲ. ಸಂಸ್ಕರಿಸಿದ ಕಚ್ಚಾ ತೈಲದ ಪ್ರಮಾಣ ಹಿಂದಿನ ವರ್ಷಕ್ಕಿಂತ ಹೆಚ್ಚೇ ಇತ್ತು. ರಾತ್ರಿ ಹೆದ್ದಾರಿಯಲ್ಲಿ ಹೋಗುವವರಿಗೆ ಕಾಣುವ ಜ್ವಾಲೆ, ಸಾಲುಗಟ್ಟಿದ ಟ್ಯಾಂಕರುಗಳು, ಗೇಟಿನೆದುರಿನ ಕ್ಯಾಂಟೀನಿನ ಗಲಾಟೆ ಯಾವುದೂ ಬದಲಾಗಿರಲಿಲ್ಲ. ಬದಲಾದದ್ದು ಇಲ್ಲಿಂದ ಕಾಣದ ಒಂದು ಅಂಕಿ. ಒಂದು ಬ್ಯಾರೆಲ್ ಕಚ್ಚಾ ತೈಲವನ್ನು ಪೆಟ್ರೋಲು, ಡೀಸೆಲು ಮಾಡಿ ಮಾರಿದಾಗ ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವೆ ಉಳಿಯುವ ಅಂತರ ಅದು. ಆ ಒಂದು ವರ್ಷದಲ್ಲಿ ಅದು ಅರ್ಧಕ್ಕಿಂತ ಕೆಳಗೆ ಬಿತ್ತು. ಆ ಅಂತರವನ್ನು ನಿರ್ಧರಿಸುವುದು ಬೈಕಂಪಾಡಿಯೂ ಅಲ್ಲ, ಮಂಗಳೂರೂ ಅಲ್ಲ. ಅರಬ್ ದೇಶಗಳ ಎಣ್ಣೆ ಬೆಲೆ, ಸಿಂಗಪುರದ ಪೇಟೆ, ಯುದ್ಧ, ಚೀನಾದ ಬೇಡಿಕೆ, ದೆಹಲಿಯ ತೆರಿಗೆ ಇವೆಲ್ಲ ಸೇರಿ ಅದನ್ನು ನಿರ್ಧರಿಸುತ್ತವೆ. ಷೇರಿನ ಬೆಲೆಯೂ ಅದರಂತೆಯೇ ಕುಣಿಯಿತು. 2020ರ ಮಾರ್ಚ್ ಕುಸಿತದಲ್ಲಿ 30 ರೂಪಾಯಿಗಿಂತ ಕೆಳಗಿದ್ದದ್ದು 2024ರ ಫೆಬ್ರವರಿಯಲ್ಲಿ 250 ದಾಟಿತು. 2025ರ ಮಾರ್ಚ್ ಆರಂಭದ ಹೊತ್ತಿಗೆ ಅದರ ಅರ್ಧಕ್ಕಿಂತ ಕೆಳಗಿತ್ತು. ಇದನ್ನು ಕಂಪೆನಿಯ ದೋಷವೆಂದು ಹೇಳುತ್ತಿಲ್ಲ. ರಿಫೈನರಿ ಉದ್ಯಮದ ಸ್ವಭಾವವೇ ಹೀಗೆ. ಕಂಪೌಂಡಿನ ಹೊರಗೆ ನಿಂತು ನೋಡುವವರಿಗೆ ಮಾತ್ರವಲ್ಲ, ಒಳಗೆ ಪಾಳಿಯಲ್ಲಿ ದುಡಿಯುವವರಿಗೂ ಈ ಅಂಕಿ ಕಣ್ಣಿಗೆ ಬೀಳುವುದು ತ್ರೈಮಾಸಿಕ ಫಲಿತಾಂಶ ಬಂದಾಗಲೇ, ಅಂದರೆ ಇಡೀ ದೇಶಕ್ಕೆ ಗೊತ್ತಾಗುವಾಗ.

ಕುದುರೆಮುಖ ಕಂಪೆನಿಯದು ಇನ್ನೊಂದು ಬಗೆಯ ಅಪಾಯ. ಘಟ್ಟದ ಮೇಲಿನ ಗಣಿಯಿಂದ ಅದಿರು ಕೆಸರಿನ ರೂಪದಲ್ಲಿ ಕೊಳವೆಯಲ್ಲಿ ಹರಿದು ಪಣಂಬೂರಿಗೆ ಬಂದು ಉಂಡೆಗಳಾಗಿ ಹಡಗು ಹತ್ತುತ್ತಿತ್ತು. ಆ ಕಾಲದಲ್ಲಿ ಕಂಪೆನಿಯ ಭವಿಷ್ಯದ ಬಗ್ಗೆ ಸಂಶಯಪಡಲು ಕಾರಣವೇ ಕಾಣುತ್ತಿರಲಿಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಕಾಡಿನ ದೃಷ್ಟಿಯಿಂದ ಅದು ನ್ಯಾಯವಾದ ತೀರ್ಮಾನವೆಂದೇ ಈ ಲೇಖಕನ ನಂಬಿಕೆ. ಆದರೆ ಕಂಪೆನಿ ಅಲ್ಲಿಂದಾಚೆಗೆ ಅದಿರನ್ನು ಹೊರಗಿನಿಂದ ಕೊಂಡು ತರಬೇಕಾಯಿತು, ಲಾಭ ನಷ್ಟ ಬೇರೆಯವರ ಬೆಲೆಗೆ ಅಂಟಿಕೊಂಡಿತು. 2022-23ರಿಂದ ಸತತ ಮೂರು ವರ್ಷ ನಷ್ಟ. ಇನ್ನೊಂದು ಸಂಗತಿಯನ್ನು ಹೊಸ ಹೂಡಿಕೆದಾರರು ಗಮನಿಸುವುದೇ ಇಲ್ಲ. ಈ ಕಂಪೆನಿಯ ಷೇರುಗಳಲ್ಲಿ ಶೇಕಡಾ 99ರಷ್ಟು ಕೇಂದ್ರ ಸರ್ಕಾರದ ಕೈಯಲ್ಲಿವೆ. ಪೇಟೆಯಲ್ಲಿ ಓಡಾಡುವುದು ನೂರರಲ್ಲಿ ಒಂದು ಪಾಲು. ಇಷ್ಟು ಕಡಿಮೆ ಸರಕಿರುವ ಕಡೆ ಸಣ್ಣ ಬೇಡಿಕೆಗೂ ಬೆಲೆ ಜಿಗಿಯುತ್ತದೆ, ಸಣ್ಣ ಮಾರಾಟಕ್ಕೂ ಕುಸಿಯುತ್ತದೆ. ಆ ಏರಿಳಿತಕ್ಕೂ ಘಟಕದಲ್ಲಿ ನಡೆಯುವ ಕೆಲಸಕ್ಕೂ ಸಂಬಂಧವೇ ಇರಬೇಕಾಗಿಲ್ಲ.

ಈ ಎರಡೂ ಉದಾಹರಣೆಗಳಿಂದ ‘ಹಾಗಾದರೆ ಇವನ್ನು ಕೊಳ್ಳಲೇಬೇಡಿ’ ಎಂಬ ತೀರ್ಮಾನಕ್ಕೆ ಬರಬೇಕಿಲ್ಲ. ಪ್ರಶ್ನೆ ಇರುವುದು ಒಟ್ಟು ಮನೆಯ ಲೆಕ್ಕದಲ್ಲಿ. ಗಂಡನಿಗೆ ರಿಫೈನರಿಯ ಗುತ್ತಿಗೆದಾರನ ಬಳಿ ಕೆಲಸ, ಹೆಂಡತಿಗೆ ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರದ ಕೆಲಸ, ಸಾಲ ಮಾಡಿ ಕೊಂಡ ಐದು ಸೆಂಟ್ಸ್ ಜಾಗ ಸುರತ್ಕಲ್‌ನಲ್ಲಿ, ಮಹಡಿಯ ಬಾಡಿಗೆದಾರನೂ ಅದೇ ಬಂದರಿನ ಕೆಲಸದವನು. ಈ ಸಂಸಾರ ಉಳಿಸಿದ ದುಡ್ಡನ್ನೂ ಇಲ್ಲಿಯ ಕಂಪೆನಿಗಳ ಷೇರಿಗೇ ಹಾಕಿತೆಂದು ಇಟ್ಟುಕೊಳ್ಳಿ. ಉದ್ಯಮಕ್ಕೆ ಕೆಟ್ಟ ವರ್ಷ ಬಂದರೆ ಗುತ್ತಿಗೆ ನವೀಕರಣವಾಗುವುದಿಲ್ಲ, ಓವರ್‌ಟೈಮ್ ನಿಲ್ಲುತ್ತದೆ, ಬಾಡಿಗೆದಾರ ಊರಿಗೆ ಹೋಗುತ್ತಾನೆ, ಜಾಗ ಕೇಳುವವರಿಲ್ಲ, ಅದೇ ತಿಂಗಳು ಷೇರೂ ಅರ್ಧವಾಗಿರುತ್ತದೆ. ದುಡ್ಡು ಬೇಕಾದ ದಿನವೇ ದುಡ್ಡು ಕರಗಿರುತ್ತದೆ. ಈ ಜಿಲ್ಲೆಯ ಕೃಷಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿ, ನಡುವೆ ಬಾಳೆ, ಕೋಕೋ ಹಾಕಿದವರು ಒಂದರ ಧಾರಣೆ ಬಿದ್ದ ವರ್ಷ ಇನ್ನೊಂದರಲ್ಲಿ ತಾಳಿಕೊಂಡಿದ್ದಾರೆ. ಅದೇ ಕೃಷಿಕರಿಗೆ ಇನ್ನೊಂದು ಸತ್ಯವೂ ಗೊತ್ತು. ನಾಲ್ಕು ಬೆಳೆ ಒಂದೇ ತೋಟದಲ್ಲಿದ್ದರೆ, ಮಳೆ ಹೆಚ್ಚಾದ ವರ್ಷ ಅಡಿಕೆಗೂ ಕೊಳೆ, ಬಳ್ಳಿಗೂ ಸೊರಗು. ಎಂಆರ್‌ಪಿಎಲ್, ಕುದುರೆಮುಖ, ಬಂದರಿಗೆ ಸರಕು ಸಾಗಿಸುವ ಇನ್ನೊಂದು ಕಂಪೆನಿ ಎಂದು ಮೂರು ಹೆಸರು ಇಟ್ಟುಕೊಂಡ ಮಾತ್ರಕ್ಕೆ ಹಂಚಿದಂತಾಗುವುದಿಲ್ಲ, ತೋಟ ಒಂದೇ.

ಇದು ಕರಾವಳಿಯವರ ದೌರ್ಬಲ್ಯವೇನಲ್ಲ. ಅಮೆರಿಕದ ಟೆಲಿಫೋನ್ ಕಂಪೆನಿಗಳ ಷೇರುದಾರರ ಪಟ್ಟಿ ಇಟ್ಟುಕೊಂಡು ಗುರ್ ಹ್ಯೂಬರ್‌ಮನ್ ಎಂಬ ಅರ್ಥಶಾಸ್ತ್ರಜ್ಞ 2001ರಲ್ಲಿ ತೋರಿಸಿದ್ದೂ ಇದನ್ನೇ. ಜನ ತಮ್ಮ ಮನೆಗೆ ಫೋನು ಕೊಟ್ಟ ಪ್ರಾದೇಶಿಕ ಕಂಪೆನಿಯ ಷೇರನ್ನೇ ಹೆಚ್ಚಾಗಿ ಕೊಂಡಿದ್ದರು. ಅದೇ ವರ್ಷ ಅಮೆರಿಕದ ಇಂಧನ ಕಂಪೆನಿ ಎನ್ರಾನ್ ಮುಳುಗಿತು. ಅಲ್ಲಿನ ನೌಕರರು ನಿವೃತ್ತಿಗೆಂದು ಉಳಿಸಿದ ನಿಧಿಯ ಅರ್ಧಕ್ಕಿಂತ ಹೆಚ್ಚು ಭಾಗ ಎನ್ರಾನ್ ಷೇರಿನಲ್ಲೇ ಇತ್ತು. ಕೆಲಸವೂ ಹೋಯಿತು, ಮುಪ್ಪಿನ ಗಂಟೂ ಹೋಯಿತು. ಕಂಪೆನಿಯ ಒಳಗಿದ್ದವರೇ ಅವರು.

ಇಲ್ಲಿ ದಕ್ಷಿಣ ಕನ್ನಡದ ಓದುಗರು ಒಂದು ಬಲವಾದ ಆಕ್ಷೇಪ ಎತ್ತಬಹುದು. ‘ಊರಿನ ಬ್ಯಾಂಕುಗಳ ಷೇರು ಇಟ್ಟುಕೊಂಡವರು ಉದ್ಧಾರವಾಗಲಿಲ್ಲವೇ?’ ಮಾತಿನಲ್ಲಿ ಸತ್ಯಾಂಶವಿದೆ, ಹಾಗಾಗಿಯೇ ಪೂರ್ತಿ ಲೆಕ್ಕ ನೋಡಬೇಕು. ಅವಿಭಜಿತ ಜಿಲ್ಲೆ ದೇಶಕ್ಕೆ ಐದು ದೊಡ್ಡ ಬ್ಯಾಂಕುಗಳನ್ನು ಕೊಟ್ಟಿತು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಶತಮಾನ ಬದಲಾಗುವ ಹೊತ್ತಿಗೆ ಐದೂ ಗಟ್ಟಿಯಾಗಿಯೇ ಕಾಣುತ್ತಿದ್ದವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನಲ್ಲಿ ಸೇರಿಹೋಯಿತು, ಸಾವಿರ ಷೇರಿಗೆ ಬರೋಡಾದ 402 ಷೇರು ಸಿಕ್ಕಿತು. ಸರಿಯಾಗಿ ಒಂದು ವರ್ಷದ ಮೇಲೆ ಕಾರ್ಪೊರೇಷನ್ ಬ್ಯಾಂಕಿನ ಸಾವಿರ ಷೇರಿಗೆ ಯೂನಿಯನ್ ಬ್ಯಾಂಕಿನ 330, ಸಿಂಡಿಕೇಟಿನ ಸಾವಿರಕ್ಕೆ ಕೆನರಾದ 158. ಸಂಖ್ಯೆ ಕಡಿಮೆಯಾದದ್ದೇ ನಷ್ಟವಲ್ಲ, ಎರಡು ಬ್ಯಾಂಕುಗಳ ಬೆಲೆಯ ತಾಳೆ ಅದು. ಆದರೆ ಐದು ಹೆಸರಿನಲ್ಲಿ ಮೂರು ಅಳಿದವು, ಒಂದು ನುಂಗಿ ಬೆಳೆಯಿತು, ಒಂದು ಖಾಸಗಿಯಾಗಿಯೇ ಉಳಿಯಿತು. ಯಾವುದು ಯಾವ ದಾರಿ ಹಿಡಿಯುತ್ತದೆಂದು ಇಪ್ಪತ್ತು ವರ್ಷ ಮೊದಲು ಬಲ್ಲವರು ಯಾರಿದ್ದರು? ಉದ್ಧಾರವಾದವರ ಕಥೆ ಮದುವೆ ಮನೆಯಲ್ಲಿ ಕೇಳಿಸುತ್ತದೆ, ಉಳಿದವರ ಕಥೆಯನ್ನು ಯಾರೂ ಹೇಳುವುದಿಲ್ಲ. ನಿಜವಾಗಿ ಗೆದ್ದವರನ್ನು ಗಮನಿಸಿದರೆ ಅವರಿಗೆ ನೆರವಾದದ್ದು ಊರಿನ ಅಭಿಮಾನಕ್ಕಿಂತ ಹೆಚ್ಚಾಗಿ ದಶಕಗಟ್ಟಲೆ ಮಾರದೆ ಕೂತದ್ದು. ಆ ತಾಳ್ಮೆಯನ್ನು ಇಡೀ ದೇಶದ ಕಂಪೆನಿಗಳ ಮೇಲೂ ಇಡಬಹುದು. ಪ್ರಸಂಗ ಬಂದದ್ದಕ್ಕೆ ಒಂದು ಮಾತು: ಹಿರಿಯರ ಕಪಾಟಿನಲ್ಲಿ ಈ ಬ್ಯಾಂಕುಗಳ ಹಳೆಯ ಕಾಗದದ ಷೇರುಪತ್ರ ಸಿಕ್ಕಿದರೆ ರದ್ದಿಗೆ ಹಾಕಬೇಡಿ. ಏಳು ವರ್ಷ ಲಾಭಾಂಶ ಪಡೆಯದೆ ಬಿಟ್ಟ ಕಂಪೆನಿ ಷೇರುಗಳು ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗುತ್ತವೆ, ವಾರಸುದಾರರು ಅರ್ಜಿ ಹಾಕಿ ಮರಳಿ ಪಡೆಯಬಹುದು.

ಎರಡನೆಯ ಆಕ್ಷೇಪ ಇದಕ್ಕೆ ತದ್ವಿರುದ್ಧ: ಇಷ್ಟೆಲ್ಲ ತಾಪತ್ರಯ ಯಾಕೆ, ಬ್ಯಾಂಕಿನಲ್ಲಿ ಎಫ್‌ಡಿ ಇಡೋಣ, ಚಿನ್ನ ಕೊಳ್ಳೋಣ. 1928ರಲ್ಲೇ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಹುಟ್ಟುಹಾಕಿದ ನೆಲ ಇದು. ಉಳಿತಾಯದ ಶಿಸ್ತನ್ನು ಈ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ಎಫ್‌ಡಿಗೂ ಜಾಗವಿದೆ, ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಿನ ಐದು ಲಕ್ಷ ರೂಪಾಯಿವರೆಗಿನ ಠೇವಣಿಗೆ ವಿಮೆಯೂ ಇದೆ. ಆದರೆ ಬೆಲೆಯೇರಿಕೆ ವರ್ಷಕ್ಕೆ ಶೇಕಡಾ ಆರರಂತೆ ನಡೆದರೆ ಹನ್ನೆರಡು ವರ್ಷದಲ್ಲಿ ನೂರು ರೂಪಾಯಿಯ ಕೊಳ್ಳುವ ಶಕ್ತಿ ಐವತ್ತಕ್ಕೆ ಇಳಿಯುತ್ತದೆ. ತೆರಿಗೆ ಕಟ್ಟಿದ ಮೇಲೆ ಎಫ್‌ಡಿಯ ಬಡ್ಡಿ ಹೆಚ್ಚೆಂದರೆ ಇದಕ್ಕೆ ಸರಿಗಟ್ಟುತ್ತದೆ. ಬೆಲೆ ಏರಿಳಿಯದ ಠೇವಣಿಯಲ್ಲೂ ಅಪಾಯವಿದೆ, ಅದು ನಿಧಾನವಾಗಿ ಬರುವುದರಿಂದ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಷೇರಿನ ಅಪಾಯ ಗದ್ದಲ ಮಾಡಿಕೊಂಡು ಬರುತ್ತದೆ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಅಕ್ಟೋಬರ್ ಕೊನೆಗೆ 8,000ಕ್ಕಿಂತ ಕೆಳಗೆ ಹೋಗಿ ಬಂತು. ಹಳೆಯ ಎತ್ತರವನ್ನು ಮುಟ್ಟಿ, ಜಾರಿ, ಅದನ್ನು ದಾಟಿ ನೆಲೆಯೂರಲು 2013ರ ಕೊನೆಯವರೆಗೆ ಕಾಯಬೇಕಾಯಿತು, ಹೆಚ್ಚುಕಡಿಮೆ ಆರು ವರ್ಷ. 2020ರ ಜನವರಿಯಲ್ಲಿ 42,000 ಇದ್ದದ್ದು ಮಾರ್ಚ್ 23ಕ್ಕೆ 25,981. ಆ ಸಲ ಮಾತ್ರ ನವೆಂಬರಿಗೇ ಚೇತರಿಸಿತು. ಮುಂದಿನ ಕುಸಿತ ಇವೆರಡರಲ್ಲಿ ಯಾವುದರಂತೆ ಎಂದು ಮುಂಚೆ ಹೇಳಲು ಯಾರಿಂದಲೂ ಆಗದು. ಆದ್ದರಿಂದ ಮೂರು ವರ್ಷದಲ್ಲಿ ಮಗಳ ಕಾಲೇಜು ಶುಲ್ಕಕ್ಕೆ ಬೇಕಾದ ದುಡ್ಡು ಷೇರಿನಲ್ಲಿ ಇರಬಾರದು. ಹತ್ತು ಹದಿನೈದು ವರ್ಷ ಮುಟ್ಟಬೇಕಿಲ್ಲದ ದುಡ್ಡು ಪೂರ್ತಿ ಎಫ್‌ಡಿಯಲ್ಲೇ ಇರುವುದೂ ಸರಿಯಲ್ಲ.

ಷೇರುಪೇಟೆಯಲ್ಲಿ ಜನ ಸೋಲುವುದು ಲೆಕ್ಕ ಬಾರದೆ ಅಲ್ಲ, ಮನಸ್ಸಿನ ಹಟದಿಂದ. 2020ರ ಮಾರ್ಚ್‌ನಲ್ಲಿ ದೇಶದಲ್ಲಿ ಸುಮಾರು 4 ಕೋಟಿ ಡಿಮ್ಯಾಟ್ ಖಾತೆಗಳಿದ್ದವು, ಐದು ವರ್ಷದಲ್ಲಿ 19 ಕೋಟಿ ದಾಟಿದವು. ಈ ಹೊಸಬರಲ್ಲಿ ಬಹುಪಾಲು ಜನ ಏರುವ ಪೇಟೆಯನ್ನೇ ನೋಡಿ ಬೆಳೆದವರು. ಎಂಆರ್‌ಪಿಎಲ್ ಷೇರನ್ನು 250 ರೂಪಾಯಿಗೆ ಕೊಂಡವನೊಬ್ಬ ಬೆಲೆ 120ಕ್ಕೆ ಬಂದಾಗ ಏನು ಹೇಳುತ್ತಾನೆಂದು ಊಹಿಸುವುದು ಕಷ್ಟವಲ್ಲ: ‘ಹಾಕಿದ ದುಡ್ಡು ಬಂದರೆ ಸಾಕು, ಅಲ್ಲಿವರೆಗೆ ಮಾರುವುದಿಲ್ಲ.’ ಅವನು ಎಷ್ಟಕ್ಕೆ ಕೊಂಡನೆಂಬುದು ಪೇಟೆಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಆದರೂ ಆ ಕೊಂಡ ಬೆಲೆ ಅವನ ತಲೆಯಲ್ಲಿ ಗೂಟ ಹೊಡೆದು ಕೂತಿರುತ್ತದೆ. ಲಾಭದ ಷೇರನ್ನು ಬೇಗ ಮಾರಿ, ನಷ್ಟದ್ದನ್ನು ಹಿಡಿದು ಕೂರುವ ಈ ಗುಣವನ್ನು ಅಮೆರಿಕದ ಹಣಕಾಸು ಸಂಶೋಧಕ ಟೆರೆನ್ಸ್ ಓಡೀನ್ 1998ರಲ್ಲಿ ಸಾವಿರಾರು ಖಾತೆಗಳ ವಹಿವಾಟಿನಿಂದ ತೋರಿಸಿಕೊಟ್ಟರು. ಬ್ರಾಡ್ ಬಾರ್ಬರ್ ಜತೆ ಸೇರಿ 2000ದಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಅತಿ ಹೆಚ್ಚು ಸಲ ಕೊಂಡು ಮಾರಿದ ಮನೆಗಳಿಗೆ ವರ್ಷಕ್ಕೆ ಶೇಕಡಾ 11.4ರಷ್ಟು ಪ್ರತಿಫಲ ಸಿಕ್ಕಿದ್ದರೆ ಅದೇ ಅವಧಿಯಲ್ಲಿ ಪೇಟೆ ಕೊಟ್ಟದ್ದು 17.9. ಊರಿನ ಕಂಪೆನಿಯ ವಿಷಯದಲ್ಲಿ ಈ ಹಟ ಇನ್ನೂ ಬಿಗಿಯಾಗುತ್ತದೆ. ಮಾರುವುದೆಂದರೆ ಊರನ್ನೇ ಬಿಟ್ಟುಕೊಟ್ಟಂತೆ ಅನಿಸುತ್ತದೆ. ಇದಕ್ಕೆ ಮದ್ದು ಒಂದೇ ಪ್ರಶ್ನೆ: ಈ ಷೇರು ನನ್ನ ಬಳಿ ಇಲ್ಲ, ಇದರ ಇವತ್ತಿನ ಬೆಲೆಯಷ್ಟು ನಗದು ಕೈಯಲ್ಲಿದೆ ಎಂದಾದರೆ ಇದನ್ನೇ ಕೊಳ್ಳುತ್ತಿದ್ದೆನೇ? ಇಲ್ಲವೆಂದಾದರೆ ಹಿಡಿದುಕೊಳ್ಳಲು ಕಾರಣವೂ ಇಲ್ಲ.

‘ಸಣ್ಣ ಸಂಬಳದವರು ನಿಧಾನದ ದಾರಿಯಲ್ಲಿ ಮೇಲೆ ಬರುವುದು ಯಾವಾಗ? ಅದಕ್ಕೇ ಆಪ್ಷನ್ ಆಡುತ್ತೇವೆ’ ಎನ್ನುವ ಹುಡುಗರ ಮಾತಿನಲ್ಲಿ ನೋವಿದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಉತ್ತರ ಮಾತ್ರ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಅಂಕಿಗಳಲ್ಲೇ ಇದೆ. 2024ರ ಸೆಪ್ಟೆಂಬರಿನಲ್ಲಿ ಹೊರಬಂದ ಅಧ್ಯಯನದಂತೆ, ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಷೇರಿನ ಮುಂದಿನ ಬೆಲೆಯ ಮೇಲೆ ಪಂದ್ಯ ಕಟ್ಟುವ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಕೈಹಾಕಿದ ಒಂದು ಕೋಟಿಗೂ ಹೆಚ್ಚು ವೈಯಕ್ತಿಕ ವಹಿವಾಟುದಾರರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು. ತಲಾ ಸರಾಸರಿ ನಷ್ಟ ಸುಮಾರು 2 ಲಕ್ಷ ರೂಪಾಯಿ, ಒಟ್ಟು 1.8 ಲಕ್ಷ ಕೋಟಿಗೂ ಮೇಲೆ. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಗಳಿಸಿದವರು ನೂರಕ್ಕೆ ಒಬ್ಬರು. ನನಗೆ ಅತ್ಯಂತ ಕಳವಳ ತಂದ ಅಂಕಿ ಬೇರೆ: ನಷ್ಟ ಮಾಡಿಕೊಂಡವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಆಟ ಮುಂದುವರಿಸಿದರು. ನಿಯಮ ಬಿಗಿ ಮಾಡಿದ ಮೇಲೂ 2024-25ರಲ್ಲಿ ನೂರಕ್ಕೆ 91 ಮಂದಿ ಸೋತರು. ಕಡಿಮೆ ಸಂಬಳದವನಿಗೆ 2 ಲಕ್ಷವೆಂದರೆ ಒಂದು ವರ್ಷದ ದುಡಿಮೆ. ನಿಧಾನದ ದಾರಿ ದೂರ ನಿಜ, ಆದರೆ ಈ ದಾರಿಯಲ್ಲಿ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಹಿಂದಕ್ಕೆ ಹೋಗುತ್ತಾರೆ.

ಹಾಗಾದರೆ ಬೈಕಂಪಾಡಿಯ ದುಡಿಯುವ ಮನೆ ಏನು ಮಾಡಬೇಕು? ಷೇರಿಗೆ ಮೊದಲು ತುರ್ತು ನಿಧಿ. ಕಾಯಂ ನೌಕರರಿಗೆ ಆರು ತಿಂಗಳ ಖರ್ಚು, ಗುತ್ತಿಗೆಯವರಿಗೆ ಒಂದು ವರ್ಷದ್ದು, ಅದು ಬ್ಯಾಂಕಿನಲ್ಲೇ ಇರಲಿ. ಕ್ರೆಡಿಟ್ ಕಾರ್ಡು, ಪರ್ಸನಲ್ ಲೋನ್ ಇದ್ದರೆ ಮೊದಲು ತೀರಿಸಿ, ಆ ಬಡ್ಡಿಯನ್ನು ಮೀರಿಸುವ ಷೇರನ್ನು ಹುಡುಕಿ ಹೊರಡುವುದು ಜೂಜು. ಆಮೇಲೆ ದೀರ್ಘಕಾಲದ ದುಡ್ಡಿಗೆ ನಿಫ್ಟಿ 50ರಂಥ ಸೂಚ್ಯಂಕವನ್ನೇ ಅನುಸರಿಸುವ ಕಡಿಮೆ ಶುಲ್ಕದ ಮ್ಯೂಚುವಲ್ ಫಂಡ್, ತಿಂಗಳು ತಿಂಗಳು ನಿಗದಿತ ಮೊತ್ತ ಹಾಕುವ ಎಸ್‌ಐಪಿ. ಐವತ್ತು ಕಂಪೆನಿಗಳು, ಹತ್ತಾರು ಉದ್ಯಮಗಳು. ರಿಫೈನರಿಗೆ ಕಷ್ಟ ಕೊಡುವ ವರ್ಷ ಔಷಧಿ ಕಂಪೆನಿಗೋ ಸಾಫ್ಟ್‌ವೇರಿಗೋ ಅದೇ ಕಷ್ಟ ಬರಬೇಕೆಂದಿಲ್ಲ. ಊರಿನ ಕಂಪೆನಿಯ ಷೇರು ಬೇಕೇ ಬೇಕೆನಿಸಿದರೆ, ಅದು ಒಟ್ಟು ಷೇರು ಹೂಡಿಕೆಯ ಹತ್ತನೇ ಒಂದು ಪಾಲು ಮೀರದಿರಲಿ. ಸಂಬಳ ಕೊಡುವ ಕಂಪೆನಿಯದ್ದಾದರೆ ಅದಕ್ಕೂ ಕಡಿಮೆ. ಕೊಳ್ಳುವ ಮೊದಲೇ ಕಾರಣವನ್ನು ಎರಡು ಸಾಲು ಬರೆದಿಡಿ. ಆ ಕಾರಣ ಹೋದ ದಿನ ಮಾರಿ, ಬೆಲೆ ಬಿದ್ದ ದಿನ ಅಲ್ಲ. ಈ ಪ್ರಮಾಣಗಳು ಶಾಸನವಲ್ಲ, ನನ್ನ ತೀರ್ಮಾನ. ಆದರೆ ಒಂದು ಮಿತಿ ಹಾಕಿಕೊಳ್ಳುವುದಂತೂ ಬೇಕೇಬೇಕು. ಖಾತೆ ತೆರೆಯುವ ಬ್ರೋಕರು, ಸಲಹೆ ಕೊಡುವವರು ಸೆಬಿಯಲ್ಲಿ ನೋಂದಾಯಿತರೇ ಎಂದು ಸೆಬಿಯ ಜಾಲತಾಣದಲ್ಲಿ ನೋಡಿ. ವಾಟ್ಸ್ಯಾಪ್ ಗುಂಪಿಗೆ ಸೇರಿಸಿ, ಯಾವುದೋ ಆ್ಯಪ್ ಹಾಕಿಸಿ, ವ್ಯಕ್ತಿಯ ಖಾತೆಗೆ ದುಡ್ಡು ಕಳಿಸಲು ಹೇಳಿದರೆ ಅದು ಷೇರುಪೇಟೆಯೇ ಅಲ್ಲ, ಮೋಸ. ಕಳಿಸಿಬಿಟ್ಟಿದ್ದರೆ ನಾಚಿಕೆಪಡದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇವತ್ತು ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕೂತು ಒಂದು ಹಾಳೆಯಲ್ಲಿ ಬರೆಯಿರಿ: ಸಂಬಳ ಎಲ್ಲಿಂದ, ಬಾಡಿಗೆ ಯಾರಿಂದ, ಜಾಗ ಎಲ್ಲಿ, ಷೇರು ಯಾವುದು. ಒಂದೇ ಕಾರ್ಖಾನೆಯ ಅಥವಾ ಒಂದೇ ಬಂದರಿನ ಹೆಸರು ಮೂರು ಸಲ ಬಂದರೆ, ಮುಂದಿನ ತಿಂಗಳ ಉಳಿತಾಯವನ್ನು ದಯವಿಟ್ಟು ಅಲ್ಲಿಗೆ ಹಾಕಬೇಡಿ.